ಮುಳ್ಳು ಹಾಕಿದ ಮನೆಯ ರೂಟರ್

ಅಣ್ಣ ತೀರಿಕೊಂಡ ಇಪ್ಪತ್ನಾಲ್ಕನೆಯ ದಿನ, ಸಂಜೆ ಆರೂಕಾಲಿಗೆ, ಅವನ ಫೋನು ನಮ್ಮ ನೆಟ್ಟಿಗೆ ಸೇರಿಕೊಳ್ಳಲು ಬಂದು ಕೇಳಿತು. ನಾನು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಪರದೆಯ ಮೇಲೆ ಒಂದು ಸಾಲು ಮೂಡಿತು: ಇಂಥ ಫೋನು ಒಳಗೆ ಬರಲು ಕೇಳಿದೆ, ನಿರಾಕರಿಸಲಾಗಿದೆ. ಹತ್ತು ಸೆಕೆಂಡು ಬಿಟ್ಟು ಮತ್ತೊಂದು ಸಾಲು. ಆಮೇಲೆ ಇನ್ನೊಂದು. ಆ ಫೋನಿನ ಗುರುತಿನ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು, ಏಕೆಂದರೆ ಅದನ್ನು ಒಳಗೆ ಬಿಡಬೇಡಿ ಎಂದು ನಮ್ಮ ನಾಲ್ಕು ರೂಟರುಗಳಿಗೂ ಬರೆದುಕೊಟ್ಟವನು ನಾನೇ.

ಮೊದಲಿಂದ ಹೇಳಿದರೆ ಒಳ್ಳೆಯದು. ನಮ್ಮದು ಆವತಿ ಬೆಟ್ಟದ ಮರೆಯಲ್ಲಿರುವ ತಗ್ಗು. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತವೆ, ಬೇಕಾದರೆ ಕಿಟಕಿ ಎಣಿಸಬಹುದು. ಫೋನಿನ ಸಿಗ್ನಲ್ ಮಾತ್ರ ಬೆಟ್ಟ ದಾಟಿ ಬರುವುದಿಲ್ಲ. ಒಂದು ಕರೆ ಮಾಡಬೇಕಾದರೆ ಬಸ್ ಸ್ಟಾಪಿನವರೆಗೆ ನಡೆಯಬೇಕಿತ್ತು. ನಮ್ಮ ಮನೆಗೆ ಇಂಟರ್ನೆಟ್ ಕೇಬಲ್ ಬಂದ ಮೇಲೆ ವೈಫೈ ಮೂಲಕವೇ ಕರೆ ಹೋಗಲು ಶುರುವಾಯಿತು. ಆದರೆ ಕೇಬಲ್ ಬಂದದ್ದು ರಸ್ತೆ ಪಕ್ಕದ ನಮ್ಮ ಮನೆಗೆ ಮಾತ್ರ. ಅಣ್ಣನ ಮನೆ ನೂರು ಹೆಜ್ಜೆ ಹಿಂದೆ, ಅದರಾಚೆ ಅವನ ದ್ರಾಕ್ಷಿ ತೋಟ, ಪಂಪ್ ಮನೆ.

ನಾನು ದೊಡ್ಡಬಳ್ಳಾಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸದವನು. ಆಫೀಸಿನವರು ಗುಜರಿಗೆ ಹಾಕಿದ್ದ ನಾಲ್ಕು ಹಳೆಯ ರೂಟರುಗಳನ್ನು ಕೇಳಿ ತಂದು, ಅವುಗಳ ಒಳಗಿನ ಸಾಫ್ಟ್‌ವೇರ್ ಬದಲಾಯಿಸಿ, ಮೆಶ್ ಮಾಡಿದೆ. ಮನೆ ಕಟ್ಟುವಾಗ ಆಳುಗಳು ಸಾಲಾಗಿ ನಿಂತು ಇಟ್ಟಿಗೆ ದಾಟಿಸುತ್ತಾರಲ್ಲ, ಅದೇ ಲೆಕ್ಕ. ನಮ್ಮ ಮನೆಯ ರೂಟರ್ ಟ್ಯಾಂಕಿನ ಕಂಬದ ಮೇಲಿನದಕ್ಕೆ ಕೊಡುತ್ತದೆ, ಅದು ಅಣ್ಣನ ಮನೆಯದಕ್ಕೆ, ಅದು ಪಂಪ್ ಮನೆಯದಕ್ಕೆ. ನಡುವೆ ತಂತಿಯಿಲ್ಲ. ಊರಲ್ಲಿ ಯಾರಿಗೂ ತಲೆಬುಡ ತಿಳಿಯದ ಈ ಕೆಲಸದ ಬಗ್ಗೆ ನನಗೆ ಸಾಕಷ್ಟು ಜಂಬವಿತ್ತು. ಅಣ್ಣ ಅದನ್ನು ‘ಡಬ್ಬ’ ಅನ್ನುತ್ತಿದ್ದ. ಡಬ್ಬದಿಂದ ಅವನಿಗೆ ಬೇಕಾಗಿದ್ದುದು ಎರಡೇ, ಫೋನು ಮಾಡುವುದು ಮತ್ತು ತೋಟದಲ್ಲಿ ಕೂತು ಪೌರಾಣಿಕ ನಾಟಕಗಳ ವಿಡಿಯೋ ನೋಡುವುದು.

ನಾಟಕವೇ ಮುಳುವಾಯಿತು. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಹುದ್ದೆಗೆಂದು ಮನೆಯಿಂದಲೇ ಬರೆಯುವ ಪರೀಕ್ಷೆ ಇಟ್ಟಿದ್ದರು. ನಾನು ಬರೆಯುತ್ತಿರುವಾಗ ನೆಟ್ ತೆವಳತೊಡಗಿ, ಅರ್ಧದಲ್ಲಿ ಪರದೆ ನಿಂತೇ ಹೋಯಿತು. ನೋಡಿದರೆ ಪಂಪ್ ಮನೆಯಲ್ಲಿ ಅಣ್ಣನ ಫೋನು ಇಡೀ ಕುರುಕ್ಷೇತ್ರವನ್ನು ಎಳೆದುಕೊಳ್ಳುತ್ತಿತ್ತು. ಪಿತ್ತ ನೆತ್ತಿಗೇರಿತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುವುದು ಸುಳ್ಳಲ್ಲ. ಅವತ್ತೇ ಅವನ ಫೋನನ್ನು ತಡೆಪಟ್ಟಿಗೆ ಹಾಕಿದೆ. ಆ ಮನೆಗೆ ಇದ್ದದ್ದು ಅದೊಂದೇ ಫೋನು. ಯಾಕೋ ನೆಟ್ ಇಲ್ಲ ಅಂತ ಅವನೇ ಬರಲಿ, ಆಗ ನಾಲ್ಕು ಮಾತು ಅಂದು ಬಿಟ್ಟುಕೊಡೋಣ ಎಂದುಕೊಂಡೆ.

ಅವನು ಬರಲಿಲ್ಲ. ಎರಡು ದಿನ, ಮೂರು ದಿನ. ಇವನಿಗೂ ಬಿಂಕ ಅಂದುಕೊಂಡೆ. ಐದನೆಯ ದಿನ ನಾನೇ ಸ್ವಲ್ಪ ಇಳಿದು, ‘ಬೇಕಿದ್ರೆ ಬಂದು ಕೇಳು, ನೆಟ್ ಬಿಡ್ತೀನಿ’ ಎಂದು ಅವನ ಫೋನಿಗೆ ಮೆಸೇಜು ಹಾಕಿದೆ. ನೆಟ್ ಕಿತ್ತುಕೊಂಡವನೇ ಅದೇ ಫೋನಿಗೆ ಮೆಸೇಜು ಕಳಿಸಿ ಉತ್ತರಕ್ಕೆ ಕಾದೆನೆಂದರೆ ನನ್ನ ಬುದ್ಧಿಗೆ ಏನೆನ್ನಬೇಕು. ಮೆಸೇಜಿನ ಕೆಳಗೆ ಒಂದೇ ಟಿಕ್ ಬಿದ್ದಿದ್ದನ್ನೂ ಸಿಟ್ಟಿನಲ್ಲಿ ಗಮನಿಸಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಅಣ್ಣ ಸತ್ತ. ಅತ್ತಿಗೆ ಮತ್ತು ನನ್ನ ಹೆಂಡತಿ ಕಣ್ಣಿನ ಡಾಕ್ಟರಿಗೆ ತೋರಿಸಲು ದೇವನಹಳ್ಳಿಗೆ ಹೋಗಿದ್ದರು. ನಾನು ರಾತ್ರಿ ಪಾಳಿ ಮುಗಿಸಿ ಬಂದು ಮನೆಯಲ್ಲೇ ಮಲಗಿದ್ದೆ, ತಲೆದಿಂಬಿನ ಪಕ್ಕ ಫೋನು. ಹೆಂಗಸರು ವಾಪಸು ಬಂದಾಗ ಅಣ್ಣ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತ ಹಾಗೇ ಇದ್ದನಂತೆ. ಹೃದಯ ಎಂದರು. ಎಷ್ಟು ಹೊತ್ತಾಗಿತ್ತೋ ಯಾರಿಗೂ ಗೊತ್ತಿಲ್ಲ.

ಅಂದಿನಿಂದ ನನ್ನನ್ನು ತಿನ್ನುತ್ತಿದ್ದುದು ಒಂದೇ ಪ್ರಶ್ನೆ. ಆ ಮಧ್ಯಾಹ್ನ ಅವನು ನನ್ನನ್ನು ಕರೆದನೇ? ಕರೆದು, ನಾನು ಹಾಕಿದ ತಡೆಗೆ ಬಡಿದು, ಆ ಕರೆ ಅಲ್ಲೇ ಬಿತ್ತೇ? ನಾನು ಎದ್ದಿದ್ದರೆ ನೂರು ಹೆಜ್ಜೆ, ಗಾಡಿಯಲ್ಲಿ ಆಸ್ಪತ್ರೆಗೆ ಅರ್ಧ ಗಂಟೆ. ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಅವಳು ಏನೂ ಅನ್ನುವುದಿಲ್ಲವೆಂದು ಗೊತ್ತಿತ್ತು, ಅದೇ ಭಯ.

ಅವನು ಹೋದ ನಕ್ಷತ್ರ ಸರಿಯಿಲ್ಲ, ಮೂರು ತಿಂಗಳು ಮನೆ ಬಿಡಬೇಕು ಎಂದು ಐನೋರು ಹೇಳಿದರು. ನಮ್ಮ ಕಡೆ ಇದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಕೆಟ್ಟ ನಕ್ಷತ್ರದಲ್ಲಿ ಹೋದವರು ಸ್ವಲ್ಪ ಕಾಲ ಆ ಮನೆಯಲ್ಲೇ ಓಡಾಡಿಕೊಂಡಿರುತ್ತಾರೆ, ಬದುಕಿದ್ದವರು ಅಲ್ಲಿರಬಾರದು ಎಂದು ನಂಬಿಕೆ. ತಿಥಿ ಮುಗಿದ ಮಾರನೆಯ ದಿನ ಅತ್ತಿಗೆ ಒಂದು ಟ್ರಂಕಿನೊಂದಿಗೆ ನಮ್ಮ ಮನೆಗೆ ಬಂದರು. ಮುಂಬಾಗಿಲಿಗೆ ಬೀಗ ಹಾಕಿ ಜಾಲಿ ಮುಳ್ಳಿನ ಕೊಂಬೆ ಅಡ್ಡ ಇಟ್ಟೆವು. ಕಿಟಕಿಗಳಿಗೆ ತಗಡು ಹೊಡೆದವನು ನಾನು. ಹೊರಟ ಮೇಲೆ ಹಿಂದಿರುಗಿ ನೋಡಬಾರದು, ಒಳಗೆ ಕಾಲಿಡಬಾರದು. ಆದ್ದರಿಂದ ಮೇನ್ ಸ್ವಿಚ್ ಆರಿಸಬೇಕೆಂಬುದು ದಾರಿಯಲ್ಲಿ ನೆನಪಾದರೂ ಯಾರೂ ವಾಪಸು ಹೋಗಲಿಲ್ಲ. ಇನ್ವರ್ಟರ್, ಫ್ರಿಜ್ಜು, ಕಿಟಕಿಯ ಪಕ್ಕದ ರೂಟರ್, ಎಲ್ಲವೂ ಕತ್ತಲಲ್ಲಿ ಹಾಗೇ ಉರಿಯುತ್ತ ಉಳಿದವು.

ಒಂದು ವಾರ ನಾನು ಅದರ ತಂಟೆಗೆ ಹೋಗಲಿಲ್ಲ. ಆದರೆ ಒಂದು ಸಂಗತಿ ತಲೆಯಲ್ಲಿ ಕೊರೆಯುತ್ತಿತ್ತು. ರೂಟರು ತನ್ನೊಳಗೆ ಒಂದು ದಿನಚರಿ ಬರೆದುಕೊಳ್ಳುತ್ತದೆ: ಯಾವ ಫೋನು ಯಾವಾಗ ಬಂದು ಕೇಳಿತು, ಒಳಗೆ ಬಿಟ್ಟೆನೋ ಇಲ್ಲವೋ. ವಿದ್ಯುತ್ ಹೋಗಿ ಆರಿದರೆ ಅಷ್ಟೂ ಅಳಿಸಿಹೋಗುತ್ತದೆ. ತಿಥಿಯ ದಿನ ಚಪ್ಪರದ ದೀಪಕ್ಕೆ ಕರೆಂಟು ಬೇಕೆಂದು ಟ್ಯಾಂಕಿನ ರೂಟರನ್ನು ನಾನೇ ಕಿತ್ತಿದ್ದೆ, ಅದರದು ಹೋಯಿತು. ನಮ್ಮ ಮನೆಯದಕ್ಕೆ ಅಲ್ಲಿಯವರೆಗೆ ಕಿವಿ ಮುಟ್ಟುವುದಿಲ್ಲ. ಇನ್ವರ್ಟರಿನ ಆಸರೆಯಲ್ಲಿ ಆರದೆ ಉಳಿದದ್ದು ಅಣ್ಣನ ಮನೆಯದು ಮಾತ್ರ. ಆ ಮಧ್ಯಾಹ್ನ ನಡೆದದ್ದೆಲ್ಲ ಮುಳ್ಳು ಹಾಕಿದ ಬಾಗಿಲ ಹಿಂದೆ, ಆ ಡಬ್ಬದಲ್ಲಿ ಬರೆದು ಇಟ್ಟಂತಿತ್ತು.

ಓದಲು ಒಳಗೆ ಹೋಗಬೇಕಿಲ್ಲ, ನೆಟ್ಟಿನ ಮೂಲಕವೇ ತೆರೆಯಬಹುದು. ಕಾರ್ಖಾನೆಯಲ್ಲಿ ಪಾಳಿ ಬದಲಾಗಿ ಸಂಜೆ ಬಿಡುವಾದ ಮೇಲೆ ಧೈರ್ಯ ಮಾಡಿ ಕೂತೆ. ತೆರೆಯಲಿಲ್ಲ. ಪಟ್ಟಿಯಲ್ಲಿ ಅಣ್ಣನ ಮನೆಯ ರೂಟರಿನ ಹೆಸರು ಬರುವುದು, ಹೋಗುವುದು. ಚಾನೆಲ್ ಬದಲಾಯಿಸಿದೆ. ಟ್ಯಾಂಕಿನ ರೂಟರಿನ ಅಡಾಪ್ಟರ್ ಬದಲಾಯಿಸಿದೆ, ಕಂಬ ಹತ್ತಿ ಅದರ ಮುಖ ತಿರುಗಿಸಿದೆ. ಪಂಪ್ ಮನೆಯದನ್ನು ಆರಿಸಿ ಹಚ್ಚಿದೆ. ಮೂರು ದಿನ ಹೀಗೆ ಒದ್ದಾಡಿದ ಮೇಲೆ ಹೊಳೆಯಿತು. ಆ ರೂಟರ್ ಇದ್ದದ್ದು ಟ್ಯಾಂಕಿನ ಕಡೆಯ ಕಿಟಕಿಯಲ್ಲಿ, ಅದಕ್ಕೆ ತಗಡು ಹೊಡೆದ ಮಹಾಶಯ ನಾನೇ. ತಗಡಿನಾಚೆಗೆ ವೈಫೈ ದಾಟುವುದಿಲ್ಲವೆಂದು ಊರಿಗೆಲ್ಲ ಪಾಠ ಹೇಳಿದವನು.

ಈಗ ತಗಡು ಕೀಳುವ ಹಾಗಿಲ್ಲ. ಕಿತ್ತರೆ ಅತ್ತಿಗೆ ಕೇಳುತ್ತಾರೆ, ಊರು ಕೇಳುತ್ತದೆ. ಸುಮ್ಮನೆ ಕೂತು ನೋಡುತ್ತಿದ್ದೆ. ಆಗಲೇ ವಿಚಿತ್ರ ಕಂಡದ್ದು. ದಿನವಿಡೀ ಉಸಿರಿಲ್ಲದಂತಿರುವ, ಆ ಎರಡು ರೂಟರುಗಳ ನಡುವಿನ ಕೊಂಡಿ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಎದ್ದು ಕೂರುತ್ತಿತ್ತು. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ತಗಡೇ ಇಲ್ಲವೆಂಬಂತೆ ಪೂರ್ತಿ ಬಲ. ಆಮೇಲೆ ಮತ್ತೆ ಸತ್ತಂತೆ.

ಎರಡನೆಯ ಸಂಜೆಯೂ ಹಾಗೇ ಆಯಿತು. ಅವತ್ತು ಟ್ಯಾಂಕಿನ ರೂಟರಿನ ದಿನಚರಿ ತೆರೆದು ಕಾರಣ ಹುಡುಕುತ್ತಿರುವಾಗ ಮೊದಲು ಹೇಳಿದ ಸಾಲುಗಳು ಮೂಡಿದವು. ಅಣ್ಣನ ಫೋನು. ಕೇಳಿದೆ, ನಿರಾಕರಿಸಲಾಗಿದೆ. ಕೇಳಿದೆ, ನಿರಾಕರಿಸಲಾಗಿದೆ.

ನಾನು ದೆವ್ವ ಭೂತ ನಂಬುವವನಲ್ಲ. ಆದರೂ ಆ ಗುರುತಿನ ಸಂಖ್ಯೆಯನ್ನು ಮೂರು ಸಲ ಓದಿದೆ. ಅಣ್ಣನ ಫೋನು ಒಳಗೇ ಎಲ್ಲೋ ಉಳಿದಿರಬೇಕು, ಚಾರ್ಜು ಮುಗಿದು ಯಾವಾಗಲೋ ಆರಿರಬೇಕು ಎಂದುಕೊಂಡಿದ್ದೆ. ತಲೆಯೆತ್ತಿ ಆ ಮನೆಯ ಕಡೆ ನೋಡಿದೆ. ಕಟ್ಟೆಯಿಂದ ನೋಡಿದರೆ ರಾಗಿ ಹುಲ್ಲಿನ ಮೆದೆ ಅಡ್ಡ, ಮೇಲಿನ ಹೆಂಚಿನ ಸಾಲು ಮಾತ್ರ ಕಾಣುತ್ತದೆ. ಒಂದು ವಿಮಾನ ದೀಪ ಹಚ್ಚಿಕೊಂಡು ಇಳಿಯಿತು, ಹೆಂಚುಗಳು ಒಂದು ಕ್ಷಣ ಬೆಳ್ಳಗಾಗಿ ಮತ್ತೆ ಕಪ್ಪಾದವು. ಪರದೆಯ ಮೇಲೆ ಸಾಲುಗಳು ಬರುತ್ತಲೇ ಇದ್ದವು. ಅವು ನಿಂತ ಮೇಲೂ ಬಹಳ ಹೊತ್ತು ನಾನು ಏಳಲಿಲ್ಲ.

ಮನೆಗೆ ಬಂದರೆ ಅತ್ತಿಗೆ ಕೊಟ್ಟಿಗೆಯಿಂದ ಹಾಲು ಕರೆದು ತಂದು ಸೋಸುತ್ತಿದ್ದರು. ಅಣ್ಣನ ಹಸುಗಳು ಇನ್ನೂ ಆ ಮನೆಯ ಹಿಂದಿನ ಕೊಟ್ಟಿಗೆಯಲ್ಲೇ ಇದ್ದವು, ಸಂಜೆಯ ಕೆಲಸ ಅವರದೇ. ಯಾಕೆ ಮುಖ ಹಾಗಿದೆ ಎಂದು ಕೇಳಿದರು. ಕಂಬ ಹತ್ತಿ ತಲೆ ಸುತ್ತಿತು ಎಂದೆ. ರಾತ್ರಿ ಊಟ ಸೇರಲಿಲ್ಲ.

ಮಾರನೆಯ ಸಂಜೆ ಹೋಗಬಾರದೆಂದುಕೊಂಡೇ ಹೋದೆ. ಆರು ಗಂಟೆಗೆ ಕೊಂಡಿ ಸತ್ತಿತ್ತು. ಆರೂಹತ್ತಕ್ಕೆ ಎದ್ದಿತು. ಈ ಸಲ ತಡಮಾಡದೆ ಅಣ್ಣನ ಮನೆಯ ರೂಟರಿನ ಪುಟ ತೆರೆದೆ. ತೆರೆಯಿತು. ಅದರ ದಿನಚರಿ ನನ್ನ ಮುಂದೆ ಬಂತು.

ಆ ಪುಸ್ತಕಕ್ಕೆ ಇಷ್ಟೇ ಹಾಳೆ ಎಂದು ಮಿತಿಯಿದೆ, ತುಂಬಿದ ಮೇಲೆ ಹೊಸ ಸಾಲು ಬಂದರೆ ಹಳೆಯ ಸಾಲು ಅಳಿಯುತ್ತದೆ. ಯಾರೂ ಇಲ್ಲದ ಮನೆಯಲ್ಲಿ ಅದು ತುಂಬುತ್ತಲೇ ಇರಲಿಲ್ಲ. ಈಗ ವಾರದ ಮೇಲಿಂದ ಪ್ರತಿ ಸಂಜೆಯ ಬಾಗಿಲು ಬಡಿತದಿಂದ ತುಂಬಿಹೋಗಿತ್ತು. ಅತ್ಯಂತ ಹಳೆಯ ಸಾಲೆಂದು ಉಳಿದಿದ್ದದ್ದು ಅಣ್ಣ ಸತ್ತ ದಿನದ ಬೆಳಗಿನದು. ಇನ್ನು ಸ್ವಲ್ಪ ಕೆಳಗಿಳಿದರೆ ಮಧ್ಯಾಹ್ನ. ನಾನು ಇಳಿಯುವಷ್ಟರಲ್ಲಿ ಪುಟದ ಬುಡದಲ್ಲಿ ಹೊಸ ಸಾಲು ಮೂಡಿತು: ಅಣ್ಣನ ಫೋನು, ಕೇಳಿದೆ, ನಿರಾಕರಿಸಲಾಗಿದೆ. ಬೆಳಗಿನ ಒಂದು ಸಾಲು ಹೋಯಿತು. ಮತ್ತೊಂದು ಬಡಿತ, ಮತ್ತೊಂದು ಸಾಲು ಹೋಯಿತು. ನನಗೆ ಬೇಕಾಗಿದ್ದ ಒಂದೇ ಸಾಕ್ಷಿಯನ್ನು ಸತ್ತವನ ಫೋನೇ ಕೂತು ಅಳಿಸುತ್ತಿತ್ತು.

ನಿಲ್ಲಿಸುವ ದಾರಿ ಒಂದೇ. ಅದು ಕೇಳಿದ್ದನ್ನು ಕೊಡುವುದು. ತಡೆಪಟ್ಟಿಯಿಂದ ಅವನ ಫೋನನ್ನು ತೆಗೆದರೆ ಅದು ಒಳಗೆ ಬರುತ್ತದೆ, ಬಡಿತ ನಿಲ್ಲುತ್ತದೆ. ಒಂದು ಒತ್ತುವ ಕೆಲಸ. ನನ್ನ ಬೆರಳು ಅಲ್ಲೇ ನಿಂತಿತು. ಹೊತ್ತು ಮುಳುಗುವಾಗ, ಮುಳ್ಳು ಹಾಕಿದ ಮನೆಯೊಳಗಿಂದ ಕೇಳುತ್ತಿರುವುದಕ್ಕೆ ಬಾ ಎನ್ನುವುದು ಹೇಗೆ? ಆಮೇಲೆ ನಾಚಿಕೆಯಾಯಿತು. ಬದುಕಿದ್ದಾಗ ಒಂಬತ್ತು ದಿನ ಬೇಡ ಅಂದಿದ್ದು ಸಾಲದೆ? ಇನ್ನೊಂದು ಸಲ ಬೇಡ ಅನ್ನಲು ನನ್ನಿಂದ ಆಗಲಿಲ್ಲ. ತೆಗೆದೆ.

ಬಡಿತ ನಿಂತಿತು. ಪರದೆಯ ಮೇಲೆ ಒಂದು ಸಾಲು: ಒಳಗೆ ಬಂದಿದೆ.

ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದೆ. ಅಣ್ಣನಿಗೆ ನಾನು ಹಾಕಿದ್ದ ಮೆಸೇಜಿನ ಕೆಳಗೆ ಎರಡನೆಯ ಟಿಕ್ ಬಿದ್ದಿತ್ತು. ಅದರ ಕೆಳಗೆ, ಅವನ ಹೆಸರಿನಲ್ಲಿ, ಆಗತಾನೇ ಬಂದ ಒಂದು ಧ್ವನಿ ಮೆಸೇಜು. ನೋಡುತ್ತಿದ್ದಂತೆ ನನ್ನ ಮೆಸೇಜಿನ ಎರಡೂ ಟಿಕ್ಕುಗಳು ನೀಲಿಯಾದವು. ಮುಳ್ಳಿನ ಹಿಂದೆ ಯಾರೋ ಅದನ್ನು ಓದಿದರು.

ಓಡಿಹೋಗಬೇಕೆನ್ನಿಸಿತು. ಆದರೆ ಬೆರಳು ತಾನಾಗಿ ಆ ಧ್ವನಿಯನ್ನು ಒತ್ತಿತು. ಮೊದಲು ಉಸಿರು, ಏದುಸಿರು. ಆಮೇಲೆ ಅಣ್ಣ.

“ಲೋ... ಡಬ್ಬ ಕೆಟ್ಟು ವಾರದ ಮ್ಯಾಲಾತು ಕಣ್ಲಾ. ನೈಟ್ ಡ್ಯೂಟಿ ಮಾಡಿ ಸುಸ್ತಾಗಿರ್ತೀಯ ಅಂತ ನಾನೂ ಸುಮ್ಕಿದ್ದೆ. ಇವತ್ತು ಯಾಕೋ ಎದೆ ಹಿಡ್ಕಂಡೈತೆ. ಮನೇಲಿ ಯಾರೂ ಇಲ್ಲ. ಫೋನೂ ಹೋಗ್ತಿಲ್ಲ. ಇದು ಬಂದ್ರೆ ಒಸಿ ಬಂದೋಗ್ಲಾ.”

ಅಷ್ಟೇ. ಆಮೇಲೆ ಸ್ವಲ್ಪ ಹೊತ್ತು ಫ್ರಿಜ್ಜಿನ ಸದ್ದು. ಕೊನೆಯಲ್ಲಿ ಅವನು ಬೆರಳು ತೆಗೆದಿರಬೇಕು.

ನಾನು ಅತ್ತೆನೋ ಕೂಗಿದೆನೋ ನನಗೆ ನೆನಪಿಲ್ಲ. ಮೆದೆಯ ಪಕ್ಕದಿಂದ ಯಾರೋ ಬರುತ್ತಿರುವುದು ಕಂಡಿತು. ಕೈಯಲ್ಲಿ ಸಣ್ಣ ಬೆಳಕು, ಆ ಬೆಳಕಿನಲ್ಲಿ ಮುಖದ ಕೆಳಗಿನ ಅರ್ಧ. ಹತ್ತಿರ ಬರುವವರೆಗೂ ನನಗೆ ಅದು ಅತ್ತಿಗೆಯೆಂದು ಗುರುತು ಹತ್ತಲಿಲ್ಲ. ಕೈಯಲ್ಲಿದ್ದದ್ದು ಅಣ್ಣನ ಫೋನು.

ಅವರು ಕಟ್ಟೆಯ ತುದಿಯಲ್ಲಿ ಕೂತು, ನಿಧಾನವಾಗಿ ಎಲ್ಲ ಹೇಳಿದರು. ತಿಥಿಯ ದಿನ ಅವನ ಬಟ್ಟೆಬರೆ ಎತ್ತಿಡುವಾಗ ಫೋನು ಸಿಕ್ಕಿತ್ತಂತೆ. ಚಾರ್ಜಿಗೆ ಹಾಕಿ ತೆರೆದು ನೋಡಿದರೆ ಅವನ ಕಡೇ ಮಾತು ತಮ್ಮನ ಹೆಸರಿನಲ್ಲಿ ನಿಂತಿತ್ತು, ಪಕ್ಕದಲ್ಲಿ ಗಡಿಯಾರದ ಗುರುತು, ಹೋಗಿಯೇ ಇರಲಿಲ್ಲ. ಕೇಳಿದ್ದರು. ಬಾಯಲ್ಲಿ ಹೇಳೋಣವೆಂದರೆ, ನೀನು ಮಲಗಿದ್ದೆ ಎಂದು ದೂರಿದಂತಾಗುತ್ತದೆ. ಹೇಳದೆ ಇರೋಣವೆಂದರೆ, ಸಾಯುವಾಗ ಆಡಿದ ಮಾತು ಸೇರಬೇಕಾದವನಿಗೆ ಸೇರದೆ ಉಳಿಯುತ್ತದೆ. ಡಬ್ಬದ ಹತ್ತಿರ ಹಿಡಿದರೆ ಎಂದಾದರೂ ಹೋದೀತು ಎಂದು, ದಿನಾ ಹಾಲು ಕರೆಯಲು ಬಂದಾಗ ಹಿತ್ತಿಲ ಬಾಗಿಲು ತೆರೆದು ಆ ಮನೆಯೊಳಗೆ ಒಬ್ಬರೇ ನಿಲ್ಲುತ್ತಿದ್ದರು. ಮುಳ್ಳು ಹಾಕಿದ ಮನೆಗೆ ಹೋಗಬಾರದೆಂದು ಅವರಿಗೂ ಗೊತ್ತು, ಹೆದರಿಕೆಯೂ ಆಗುತ್ತಿತ್ತಂತೆ. ಆ ಬಾಗಿಲು ಟ್ಯಾಂಕಿನ ಕಡೆಗೇ ಇದೆ, ಅವರು ಅದನ್ನು ತೆರೆದಾಗಲೆಲ್ಲ ನನ್ನ ಕೊಂಡಿ ಎದ್ದು ಕೂರುತ್ತಿತ್ತು. ಅವರು ಕಳಿಸಲು ನೋಡಿದಾಗಲೆಲ್ಲ ನಾನು ತಡೆಯುತ್ತಿದ್ದೆ.

ಆಮೇಲೆ ಅಣ್ಣನ ಫೋನನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲಿ ಆಗತಾನೇ ತಲುಪಿದ್ದ ನನ್ನ ಮೆಸೇಜು: ‘ಬೇಕಿದ್ರೆ ಬಂದು ಕೇಳು, ನೆಟ್ ಬಿಡ್ತೀನಿ.’

“ನೆಟ್ ಬಿಡ್ತೀನಿ ಅಂದ್ರೆ ಏನಪ್ಪಾ?” ಅಂದರು. “ನೀನೇ ತೆಗೆದಿದ್ದಾ?”

ಹೂಂ ಅಂದೆ. ಪರೀಕ್ಷೆಯ ವಿಷಯ, ನಾಟಕದ ವಿಷಯ ಹೇಳಲು ಬಾಯಿ ತೆರೆದೆ. ಆ ಕಟ್ಟೆಯ ಮೇಲೆ ಅವು ಎಷ್ಟು ಸಣ್ಣವಾಗಿ ಕಂಡವೆಂದರೆ, ಹೇಳದೆ ಬಾಯಿ ಮುಚ್ಚಿದೆ. ಅವನೇ ಕೇಳಲಿ ಅಂತ ಕಾಯ್ತಿದ್ದೆ ಎಂದಷ್ಟೇ ಅಂದೆ.

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ನಾನು ಇವತ್ತಿಗೆ ಸ್ವಲ್ಪ ಹಗುರಾಗಿರುತ್ತಿದ್ದೆನೇನೋ. ಫೋನನ್ನು ಸೆರಗಿನಲ್ಲಿ ಸುತ್ತಿ ಎದ್ದು ನಿಂತರು. ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು, ಕರೆಯುವ ಹೊತ್ತು ಮೀರಿತ್ತು. ಎರಡು ಹೆಜ್ಜೆ ಹೋಗಿ, ನನ್ನ ಕಡೆ ತಿರುಗದೆಯೇ ಹೇಳಿದರು.

“ಅವ್ರಿಗೆ ಗೊತ್ತೇ ಇರ್ಲಿಲ್ಲ ಕಣಪ್ಪಾ. ತಮ್ಮ ಡಬ್ಬ ನೋಡಕ್ಕೆ ಬತ್ತಾನೆ ಅಂತ, ಅಷ್ಟು ದಿನಾನೂ ಮಲಗೋವರ್ಗೂ ನಂಗೆ ಬಾಗ್ಲು ಹಾಕಕ್ಕೆ ಬಿಡ್ಲಿಲ್ಲ.”